ಜಾತಿ ನಾಯಿಯ ಹಲ್ಲು

ಕೊಪ್ಪಳದ ಪಕ್ಕದ ಭಾಗ್ಯನಗರದ ಆ ಓಣಿಯಲ್ಲಿ ಕೂದಲಿನ ಚೀಲವೊಂದು ಕಳುವಾದದ್ದೇ ತಡ, ಮನೆಮನೆಗೂ ನಾಯಿ ಬೇಕಾಯಿತು. ಹೆಂಗಸರು ಮನೆಯಲ್ಲೇ ಕೂತು, ವಿಗ್ ಮಾಡುವವರಿಗೆ ಸಿಕ್ಕುಗಟ್ಟಿದ ಕೂದಲು ಬಿಡಿಸಿಕೊಡುವ ಓಣಿ ಅದು. ಚೀಲ ಹೋದರೆ ವಾರದ ದುಡಿಮೆಯೇ ಹೋದಂತೆ. ಒಬ್ಬರು ಮೊಬೈಲಿನಲ್ಲಿ ನೋಡಿ ಜರ್ಮನ್ ಶೆಫರ್ಡ್ ತಂದರು. ಇನ್ನೊಬ್ಬರು ಲ್ಯಾಬ್ರಡಾರ್ ತಂದರು. ಅದು ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತದೆ ಎಂದು ಓಣಿಯೆಲ್ಲ ನಕ್ಕಿತು. ಅದೇ ಓಣಿಯ ಅನ್ನಪೂರ್ಣಳ ಗಂಡ ಲಕ್ಷ್ಮಣಪ್ಪ ಹುಲಿಹೈದರದಲ್ಲಿರುವ ಸೋದರಮಾವನ ಕುರಿಹಟ್ಟಿಯಿಂದ ಮುಧೋಳ ನಾಯಿಯನ್ನು ತಂದ. ಉದ್ದ ಕಾಲು, ಸಣ್ಣ ನಡು, ಬಯಲಲ್ಲಿ ಬಿಟ್ಟರೆ ಗಾಳಿಯ ಹಾಗೆ ಓಡುವ ಜೀವ. ಅದನ್ನು ಚೀಲಗಳ ಕೋಣೆಯ ಮುಂದಿನ ಕಂಬಕ್ಕೆ ಗಿಡ್ಡ ಸರಪಳಿಯಲ್ಲಿ ಕಟ್ಟಿದ.

"ಕಟ್ಟಿದಷ್ಟೂ ಸಿಟ್ಟಿನ ನಾಯಿ ಆಕ್ಕೈತಿ" ಎಂದ.

ಸಿಟ್ಟು ಬಂತು, ಆದರೆ ಕಳ್ಳನ ಮೇಲಲ್ಲ. ಒಂದು ಬೆಳಿಗ್ಗೆ ಏಳು ವರ್ಷದ ಮಗಳು ಶ್ವೇತಾ ರೊಟ್ಟಿ ಚೂರು ಹಾಕಲು ಹೋದಾಗ ಅವಳ ತೋಳನ್ನೇ ಕಚ್ಚಿಬಿಟ್ಟಿತು.

ಅನ್ನಪೂರ್ಣ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದಳು. ಅಷ್ಟರಲ್ಲಿ ಅತ್ತೆ ಮುದಕಮ್ಮ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದಿದ್ದಳು.

"ಅಳಬ್ಯಾಡ ನನ ಬಂಗಾರ. ಸುಣ್ಣ ಹಚ್ಚಿದ್ರ ನಂಜು ಇಳಿತೈತಿ."

"ಅತ್ತಿ, ದವಾಖಾನಿಗೆ ಹೋಗೂಣು."

"ಯಾಕ? ಇದೇನ್ ಬೀದಿ ನಾಯೇನು? ಜಾತಿ ನಾಯಿ, ನಮ್ಮ ಮನಿ ರೊಟ್ಟಿ ತಿಂದೈತಿ. ಕುರಿಹಟ್ಟ್ಯಾಗ ನನಗ ಮೂರು ಸರ್ತಿ ಕಚ್ಯಾವ. ಸತ್ತೇನೇನು ನಾ?"

ಅತ್ತೆಗೆ ಎದುರಾಡಿ ಅನ್ನಪೂರ್ಣಳಿಗೆ ಅಭ್ಯಾಸವಿಲ್ಲ. ಆದರೆ ಮಗಳ ಪುಟ್ಟ ತೋಳಿನಿಂದ ರಕ್ತ ಸೋರುತ್ತಿತ್ತು. ಗೋಡೆಯಾಚೆಗೆ ಕೂಗಿದಳು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಅನುಸೂಯಾ ಓಡಿ ಬಂದಳು.

"ಸುಣ್ಣ ಮುಚ್ಚಿಡು ದೊಡ್ಡವ್ವ. ಅನ್ನಪೂರ್ಣಕ್ಕ, ನಳ ಬಿಡು, ಸಾಬೂನು ತಾ."

ಗಡಿಯಾರ ನೋಡಿ ಹದಿನೈದು ನಿಮಿಷ ಗಾಯ ತೊಳೆಸಿದಳು.

"ಇಷ್ಟೊತ್ತಿಗೆ ಒಂದು ಗಂಟು ಅರಿವಿ ಒಗದು ಮುಗೀತಿತ್ತು" ಎಂದು ಮುದಕಮ್ಮ ಮೂಗು ಮುರಿದಳು.

"ಅರಿವಿ ಹರದ್ರ ಹೊಲಿಬಹುದು ದೊಡ್ಡವ್ವ. ಹುಚ್ಚುನಾಯಿ ರೋಗ ಏರಿದ ಮ್ಯಾಲ ಯಾವ ಡಾಕ್ಟರ್ ಕೈಲೂ ಆಗಂಗಿಲ್ಲ. ಆ ರೋಗ ಜಾತಿ ಕೇಳಿ ಬರಂಗಿಲ್ಲ. ನಾಯಿಗೆ ಸೂಜಿ ಹಾಕ್ಸೀರೇನು?"

"ಜಾತಿ ನಾಯಿಗ್ಯಾಕ ಸೂಜಿ?"

"ಬ್ಯಾರೆ ನಾಯಿ ಜೋಡಿ ಕಚ್ಚಾಡೈತೇನು?"

"ಎಲ್ಲಿ ಕಚ್ಚಾಡ್ತೈತಿ? ಯಾವತ್ತೂ ಕಟ್ಟೇ ಇರ್ತೈತಿ."

ಬಿಕ್ಕುತ್ತಿದ್ದ ಶ್ವೇತಾ ಬಾಯಿ ತೆರೆದಳು. "ಮೊನ್ನೆ ಒಂದು ಕರಿ ನಾಯಿ ಬಂದು ಇದರ ತಾಟಿನಾಗಿಂದು ತಿಂತು. ಇದರ ಕಿವಿ ಕಚ್ಚಿತು. ಪಾಪ, ಇದಕ್ಕ ಓಡಾಕ ಬರಲಿಲ್ಲ ಅಜ್ಜಿ."

ಮೂವರೂ ನಾಯಿಯ ಕಡೆ ತಿರುಗಿದರು. ಕಿವಿಯ ಹಿಂದೆ ಒಣಗಿದ ಗಾಯವಿತ್ತು. ದೊಡ್ಡವರು ಯಾರೂ ಅದನ್ನು ನೋಡಿರಲಿಲ್ಲ.

ಮುದಕಮ್ಮ ಸುಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಆಮೇಲೆ ಎದ್ದು ಮೊಮ್ಮಗಳನ್ನು ತಾನೇ ಎತ್ತಿಕೊಂಡಳು.

"ಅನ್ನಪೂರ್ಣಾ, ಏನ್ ನೋಡ್ಕೋತ ನಿಂತಿ? ಆಟೋ ಕರಿ."

ಕೊಪ್ಪಳದ ದವಾಖಾನೆಯಲ್ಲಿ ಗಾಯದ ಸುತ್ತ ನಂಜು ತಡೆಯುವ ಔಷಧಿ ಚುಚ್ಚಿ, ಇನ್ನೊಂದು ತೋಳಿಗೆ ಲಸಿಕೆ ಕೊಟ್ಟರು. ಮುಂದಿನ ಸೂಜಿಗಳ ತಾರೀಖು ಬರೆದುಕೊಟ್ಟರು.

ಸಂಜೆ ಲಕ್ಷ್ಮಣಪ್ಪ ಸಿಟ್ಟಿನಿಂದ ಬಡಿಗೆ ಹಿಡಿದ. "ಇದನ್ನ ದೂರ ಬಿಟ್ಟು ಬರ್ತೀನಿ."

"ಬ್ಯಾಡಣ್ಣ" ಎಂದಳು ಅನುಸೂಯಾ. "ಬಿಟ್ಟು ಬಂದ್ರ ಅದಕ್ಕ ರೋಗ ಐತೋ ಇಲ್ಲೋ ಹ್ಯಾಂಗ ತಿಳಿಬೇಕು? ಹತ್ತು ದಿನ ಪಶು ಡಾಕ್ಟರ್ ಕಣ್ಣಾಗ ಇರ್ಲಿ, ರೋಗ ಇದ್ರ ಅಷ್ಟರಾಗ ತಿಳಿತೈತಿ. ಓಡೋ ಜೀವಾನ ಕಂಬಕ್ಕ ಕಟ್ಟಿ, ಸಿಟ್ಟು ಕಲಿಸಿದವರು ನಾವು."

ಲಕ್ಷ್ಮಣಪ್ಪ ಬಡಿಗೆ ಕೆಳಗಿಟ್ಟ.

ಹತ್ತು ದಿನ ಕಳೆದರೂ ನಾಯಿಗೆ ಏನೂ ಆಗಲಿಲ್ಲ. ಆದರೂ ವೈದ್ಯರು ಸಾಕು ಎನ್ನುವವರೆಗೆ ಅನ್ನಪೂರ್ಣ ಮಗಳ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ನಾಯಿ ತನ್ನ ಲಸಿಕೆ ಹಾಕಿಸಿಕೊಂಡು ಕುರಿಗಳ ಹಿಂದೆ ಓಡಲು ಹುಲಿಹೈದರಕ್ಕೆ ವಾಪಸ್ಸು ಹೋಯಿತು. ಚೀಲಗಳ ಕೋಣೆಗೆ ಗಟ್ಟಿ ಕೀಲಿ ಬಿತ್ತು. ಈಗ ಮುದಕಮ್ಮ ಓಣಿಯಲ್ಲಿ ನಾಯಿ ಕಂಡರೆ ಸಾಕು, ಯಜಮಾನನನ್ನು ತಡೆದು ನಿಲ್ಲಿಸುತ್ತಾಳೆ. "ಏನಪಾ, ನಿನ್ನ ಜರ್ಮನ್‌ಗೆ ಸೂಜಿ ಆತೇನು? ಬರೇ ಹೆಸರು ದೊಡ್ಡದಿದ್ರ ಆಗಂಗಿಲ್ಲ!"

ಅಕ್ಕತಂಗಿಯರೇ, ನಾಯಿ ಸಾಕುವ ಮೊದಲು ಅದರ ಸ್ವಭಾವ ಕೇಳಿ ತಿಳಿಯಿರಿ. ಮೊಬೈಲಿನಲ್ಲಿ ಚಂದ ಕಂಡ ನಾಯಿ ನಮ್ಮ ಬಿಸಿಲಿಗೆ, ನಮ್ಮ ಸಣ್ಣ ಅಂಗಳಕ್ಕೆ ಹೊಂದದೆ ಇರಬಹುದು. ಯಾವ ತಳಿಯೇ ಇರಲಿ, ವರ್ಷ ವರ್ಷ ಲಸಿಕೆ ಹಾಕಿಸಿ. ಕಟ್ಟಿಹಾಕಿ ಕೆಣಕಬೇಡಿ. ಕಚ್ಚಿದರೆ ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಹಲ್ಲು ತಾಗಿದ ಮೇಲೆ ಅದು ಯಾರ ಮನೆಯ ನಾಯಿ, ಯಾವ ಜಾತಿ ಎಂದು ವಿಚಾರಿಸುತ್ತ ಕೂರಬೇಡಿ. ನಳ ಬಿಡಿ, ಸಾಬೂನು ಹಚ್ಚಿ ತೊಳೆಯಿರಿ, ಮಗುವನ್ನು ಎತ್ತಿಕೊಂಡು ಅವತ್ತೇ ದವಾಖಾನೆಗೆ ನಡೆಯಿರಿ.