ಸೊಟ್ಟಮೂತಿಗೊಬ್ಬ ಎದುರಾಳಿ

ಆ ಕಾರಿಗೆ ಕಂಪನಿಯವರು ಇಟ್ಟ ಹೆಸರೊಂದು ಇತ್ತು. ಆದರೆ ಕಂಪನಿಯೇ ಅದನ್ನು ಮರೆತು, ಆ ಮಾದರಿ ಮಾಡುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಎರಡೆರಡೇ ಕಾರು ಅಕ್ಕಪಕ್ಕ ನಿಂತು ನೇರ ದಾರಿಯಲ್ಲಿ ಓಡುವ ಡ್ರ್ಯಾಗ್ ರೇಸ್ ನೋಡಲು ಬರುವ ಜನ ಅದನ್ನು ಕರೆಯುತ್ತಿದ್ದುದು ಸೊಟ್ಟಮೂತಿ ಎಂದು. ಎಂಜಿನ್ನಿಗೆ ಗಾಳಿ ಎಳೆಯುವ ಗೂಡು ಬಾನೆಟ್ಟಿನ ನಡುವೆ ಇರದೆ ಒಂದು ಪಕ್ಕಕ್ಕೆ ಕೂತಿದ್ದರಿಂದ, ಕಾರು ಯಾವಾಗಲೂ ಯಾರನ್ನೋ ಅಣಕಿಸುತ್ತಿರುವ ಹಾಗೆ ಕಾಣುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ಅದನ್ನು ಕೈಯಾರೆ ಕಟ್ಟಿದ ಮಾವನಿಗೆ ಮಾತ್ರ ಅದರಷ್ಟು ಚೆಲುವಿನ ಕಾರು ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಓಡಿಸುವವಳು ಸೊಸೆ. ಮಗ ಓಡಿಸಬೇಕಿತ್ತು, ಆದರೆ ಅವನು ಸ್ಕೂಟರಿನ ಹಿಂದೆ ಕೂತರೂ ಕಣ್ಣು ಮುಚ್ಚಿಕೊಳ್ಳುವ ಪೈಕಿ. ಮದುವೆಯಾದ ಹೊಸದರಲ್ಲಿ ಒಂದು ದಿನ ಮಾವ ತಮಾಷೆಗೆ ಸೊಸೆಯನ್ನು ಸೀಟಿನಲ್ಲಿ ಕೂರಿಸಿದರು. ಅವಳು ಓಡಿಸಿಕೊಂಡು ಹೋದ ರೀತಿ ನೋಡಿ ತಮಾಷೆ ಅಲ್ಲಿಗೇ ನಿಂತಿತು. ಅಂದಿನಿಂದ ಆ ಸೀಟು ಅವಳದೇ.

ಇನ್ನು ಅತ್ತೆ. ಓಟಕ್ಕೆ ಮುಂಚೆ ಹಿಂದಿನ ಟೈರುಗಳನ್ನು ಒದ್ದೆ ನೆಲದ ಮೇಲೆ ಗಿರ್ರನೆ ತಿರುಗಿಸಿ, ಹೊಗೆಯೆಬ್ಬಿಸಿ ಬಿಸಿ ಮಾಡಿಕೊಳ್ಳಬೇಕು. ಆ ಭರಕ್ಕೆ ಕಾರು ಓಟ ಶುರುವಾಗುವ ಗೆರೆ ದಾಟಿ ಮುಂದೆ ಹೋಗಿಬಿಡುತ್ತದೆ. ಆಮೇಲೆ ಹಿಂದಕ್ಕೆ ಬರಬೇಕು, ಅದೂ ತಾನೇ ಬಿಟ್ಟ ರಬ್ಬರಿನ ಗುರುತಿನ ಮೇಲೆಯೇ. ಬೆಲ್ಟಿನಲ್ಲಿ ಬಿಗಿದು ಕೂತವರಿಗೆ ಹಿಂದೇನಿದೆ ಕಾಣುವುದಿಲ್ಲ. ಮುಂದೆ ಒಬ್ಬರು ನಿಂತು ಬೆರಳು ತೋರಿಸಿ ಎಡ, ಬಲ ಎಂದು ದಾರಿ ಹೇಳಬೇಕು. ಆ ಕೆಲಸ ಅತ್ತೆಯದು. ಮನೆಯಲ್ಲಿ ಅತ್ತೆ ಬೆರಳು ತೋರಿಸಿದರೆ ಸೊಸೆಗೆ ಮೈ ಉರಿಯುತ್ತಿತ್ತು, ಟ್ರ್ಯಾಕಿನ ಮೇಲೆ ಮಾತ್ರ ಆ ಬೆರಳನ್ನು ಬಿಟ್ಟರೆ ಅವಳಿಗೆ ಗತಿಯಿರಲಿಲ್ಲ. ಯಾರಾದರೂ ಪರಿಚಯ ಕೇಳಿದರೆ ಅತ್ತೆ ಸೊಸೆಯನ್ನು ತೋರಿಸಿ, "ಇವಳು ನಮ್ಮ ಡ್ರೈವರ್" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಒಂದಕ್ಷರವಿಲ್ಲ.

ಆ ಭಾನುವಾರ ಬೆಳಗ್ಗೆ ಟ್ರ್ಯಾಕಿನ ಯಜಮಾನರು ಅವರ ಡೇರೆಗೆ ಬಂದರು. ಮಾವ ಎಂಜಿನ್ನಿನೊಳಗೆ ತಲೆ ಹಾಕಿದ್ದರು, ಅತ್ತೆ ಓಟದ ಕೊನೆಗೆ ಕಾರನ್ನು ಹಿಡಿದು ನಿಲ್ಲಿಸುವ ಪ್ಯಾರಾಚೂಟ್ ಮಡಿಸುತ್ತಿದ್ದರು. ಯಜಮಾನರು ಸೊಸೆಯ ಹತ್ತಿರ ನಿಂತು ಖಾಲಿ ಗ್ಯಾಲರಿಯ ಕಡೆ ಕೈ ಮಾಡಿದರು.

"ನೋಡಮ್ಮಾ, ಬೆಂಕಿ ಉಗುಳೋ ಕಾರುಗಳು ಬಂದ್ರೆ ಜನ ಕೂತಿರ್ತಾರೆ. ನಿಮ್ಮ ಕ್ಲಾಸಿನ ಕಾರುಗಳ ಓಟ ಶುರುವಾದ್ರೆ ಸಾಕು, ಟೀ ಕುಡಿಯೋಕೆ ಎದ್ದು ಹೋಗ್ತಾರೆ. ಇವತ್ತು ಫೈನಲ್ಲಿಗೂ ಹೀಗೇ ಖಾಲಿ ಹೊಡೆದ್ರೆ, ಮುಂದಿನ ವರ್ಷ ಈ ಕ್ಲಾಸೇ ಇರಲ್ಲ."

"ಜನ ಯಾಕೆ ಏಳ್ತಾರೆ ಅಂತ ನಿಮಗೆ ಗೊತ್ತಿಲ್ವಾ ಸಾರ್?"

"ಗೊತ್ತಮ್ಮಾ, ಗೊತ್ತಿಲ್ದೆ ಏನು? ಆದ್ರೆ ಬೇರೆ ಕಾರು ತನ್ನಿ ಅಂತ ಯಾರ ಕಾಲು ಹಿಡೀಲಿ?"

ಅವರೂ ಸುಳ್ಳು ಹೇಳಲಿಲ್ಲ. ಹಿಂದೆ ಈ ಕ್ಲಾಸಿನಲ್ಲಿ ಬಗೆಬಗೆಯ ಕಂಪನಿಯ ಕಾರುಗಳು ಓಡುತ್ತಿದ್ದವು. ತಮ್ಮ ತಮ್ಮ ಕಂಪನಿಯ ಟೋಪಿ ಹಾಕಿಕೊಂಡು ಜನ ಗ್ಯಾಲರಿಯಲ್ಲಿ ಬೇರೆ ಬೇರೆ ಕಡೆ ಕೂರುತ್ತಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರು ಸಂಜೆಯ ತನಕ ಮಾತು ಬಿಡುತ್ತಿದ್ದರು. ಆಮೇಲೆ 'ಬಾಣ' ಎಂಬ ಕಂಪನಿ ಒಳ್ಳೆಯ ಕಾರು ಮಾಡಿತು, ಬೇಕಾದ ಬಿಡಿಭಾಗವನ್ನು ಕೈಗೇ ತಂದು ಕೊಟ್ಟಿತು. ಒಬ್ಬೊಬ್ಬರಾಗಿ ಎಲ್ಲರೂ ಬಾಣ ಹತ್ತಿದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಉಳಿದವರು ಮಾವ ಒಬ್ಬರೇ. ಯಾರು ಗೆದ್ದರೂ ಬಾಣವೇ ಗೆಲ್ಲುವುದಾದರೆ ನೋಡುವವರು ಕೂಗುವುದು ಯಾರಿಗೆ? ಟೀ ಅಂಗಡಿಯೇ ಮೇಲು.

ಯಜಮಾನರು ಹೋದ ಮೇಲೆ ಸೊಸೆಯ ಎದೆ ಭಾರವಾಯಿತು. ಮಾವನ ಎಂಜಿನ್ನು ಈ ಕ್ಲಾಸಿಗೆಂದೇ ಹುಟ್ಟಿದ್ದು, ಬೇರೆ ಎಲ್ಲೂ ಅದಕ್ಕೆ ಜಾಗವಿಲ್ಲ. ಕ್ಲಾಸ್ ಹೋದರೆ ಸೊಟ್ಟಮೂತಿಯ ಮೇಲೆ ಹೊದಿಕೆ ಬೀಳುತ್ತದೆ, ಆ ಸೀಟಿನಲ್ಲಿ ಅವಳು ಮತ್ತೆಂದೂ ಕೂರುವುದಿಲ್ಲ.

"ಗೆಲ್ಲೋದು ನೋಡೇ," ಎಂದರು ಅತ್ತೆ, ಪ್ಯಾರಾಚೂಟಿನಿಂದ ತಲೆಯೆತ್ತದೆ. "ಗ್ಯಾಲರಿ ಕಟ್ಕೊಂಡು ನಿನಗೇನು?"

ಅವಳು ಗೆಲ್ಲುತ್ತಲೇ ಹೋದಳು. ಒಂದೊಂದೇ ಬಾಣವನ್ನು ಸೋಲಿಸಿ ಫೈನಲ್ಲಿಗೆ ಬಂದಳು. ಅತ್ತ ಇನ್ನೊಂದು ಸೆಮಿಫೈನಲ್ಲಿನಲ್ಲಿ ಬಾಣಕ್ಕೂ ಬಾಣಕ್ಕೂ ಓಟ. ಎರಡೂ ಒಂದೇ ಆಕಾರ, ಒಂದೇ ಬಣ್ಣ, ಒಂದೇ ಕಂಪನಿಯ ಚಿತ್ತಾರ. ಮೈಕಿನಲ್ಲಿ ಕೂಗಿ ಕೂಗಿಯೇ ಕೂದಲು ಹಣ್ಣು ಮಾಡಿಕೊಂಡ ಮೈಕಣ್ಣ, ಸೋತವನನ್ನೇ ಗೆದ್ದ ಎಂದು ಗಂಟಲು ಹರಿಯುವಂತೆ ಸಾರಿಬಿಟ್ಟ. ತಪ್ಪು ತಿದ್ದಿಕೊಳ್ಳುವಷ್ಟರಲ್ಲಿ ಇದ್ದಬದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕು, ಪ್ಯಾಂಟು ಕೊಡವಿಕೊಂಡು, ಟೀ ಕಡೆಗೆ ಹೊರಟರು.

ನಿಜವಾಗಿ ಗೆದ್ದವನು ಹೋದ ವರ್ಷದ ಚಾಂಪಿಯನ್. ಆಸಾಮಿ ಒಳ್ಳೆಯವನೇ, ಸ್ವಲ್ಪ ಗತ್ತು ಜಾಸ್ತಿ.

ಫೈನಲ್ಲಿಗೆ ಎರಡೂ ಕಾರು ಅಕ್ಕಪಕ್ಕ ನಿಂತವು. ಹೊಗೆಯೆಬ್ಬಿಸಿ ಟೈರು ಬಿಸಿ ಮಾಡಿದವು, ಗೆರೆ ದಾಟಿ ಮುಂದೆ ಹೋದವು. ಅತ್ತೆ ಸೊಟ್ಟಮೂತಿಯ ಮುಂದೆ ನಿಂತು ಬೆರಳಾಡಿಸಿದರು. ಸ್ವಲ್ಪ ಎಡಕ್ಕೆ, ಹಾಂ, ಬಾ, ಬಾ. ಸೊಸೆ ಗೆರೆಯ ಹಿಂದಕ್ಕೆ ಬಂದು ನಿಂತಳು. ಪಕ್ಕದ ಬಾಣ ಮಾತ್ರ ಮುಂದೆಯೇ ನಿಂತಿತ್ತು. ಗರ್ರೆಂದು ಸದ್ದು ಬರುತ್ತಿತ್ತು, ಕಾರು ಹಿಂದಕ್ಕೆ ಸರಿಯುತ್ತಿರಲಿಲ್ಲ. ರಿವರ್ಸ್ ಗೇರು ಕೈಕೊಟ್ಟಿತ್ತು.

ಓಟ ಶುರು ಮಾಡುವ ದೀಪದ ಗುಂಡಿ ಹಿಡಿದು ನಿಂತ ಅಧಿಕಾರಿ ಕಾದು ನೋಡಿ, ಸೊಸೆಗೆ ಕೈಸನ್ನೆ ಮಾಡಿದ. ನೀನೊಬ್ಬಳೇ ಬಾ ಎಂದರ್ಥ. ನಿಯಮವೇ ಹಾಗೆ. ಎದುರಾಳಿ ಗೆರೆಗೆ ಬಾರದಿದ್ದರೆ ಒಬ್ಬರೇ ಓಡಬಹುದು, ಗೆದ್ದವರ ಕಪ್ ಅವರದೇ. ಅತ್ತೆಯ ಮುಖ ಅರಳಿತು. ಎರಡೂ ಕೈಯಲ್ಲಿ ಬಾ ಬಾ ಎಂದು ಕರೆದರು. ಆಚೆ ಮಾವ ಆಗಲೇ ಟೋಪಿ ತೆಗೆದು ಎದೆಗೊತ್ತಿಕೊಂಡಿದ್ದರು. ಎಷ್ಟೋ ವರ್ಷಗಳಿಂದ ಕಾದ ಕಪ್!

ಸೊಸೆ ಗ್ಯಾಲರಿಯ ಕಡೆ ನೋಡಿದಳು. ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದವರೂ ಏಳುತ್ತಿದ್ದರು. ಒಬ್ಬಳೇ ಓಡುವುದನ್ನು ನೋಡಲು ಯಾರಿಗೆ ಏನು ಬಿದ್ದಿದೆ? ಕಪ್ ಮನೆಗೆ ಬರುತ್ತದೆ, ಕ್ಲಾಸ್ ಮಣ್ಣಾಗುತ್ತದೆ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಕೈ ಚಾಚಿ ಎಂಜಿನ್ ಆಫ್ ಮಾಡಿಬಿಟ್ಟಳು.

ಗ್ಯಾಲರಿಯ ಜನ ತಿರುಗಿ ನೋಡಿದರು. ಎದ್ದವರು ನಿಂತಲ್ಲೇ ನಿಂತರು.

ಅತ್ತೆ ಕೆಂಡಾಮಂಡಲವಾಗಿ ಕಿಟಕಿಯ ಹತ್ತಿರ ಓಡಿ ಬಂದರು. "ಏನೇ ಇದು? ತಲೆ ನೆಟ್ಟಗಿದೆಯಾ? ಬಾಯಿಗೆ ಬಂದ ತುತ್ತನ್ನ ಉಗೀತಾರೇನೇ?"

"ಅತ್ತೆ, ಒಬ್ಬಳೇ ಓಡಿದ್ರೆ ಇದು ಕಡೇ ಓಟ," ಎಂದಳು ಸೊಸೆ ಹೆಲ್ಮೆಟ್ಟಿನೊಳಗಿಂದ. "ನನಗೆ ಎದುರಾಳಿ ಬೇಕು." ಹೇಳಿ, ಕೈಗವಸು ತೊಟ್ಟ ಬೆರಳನ್ನು ಬಾಣದ ಕಡೆಗೆ ಚಾಚಿದಳು.

ಅತ್ತೆ ಆ ಬೆರಳನ್ನು ನೋಡಿದರು. ಇಷ್ಟು ವರ್ಷ ಬೆರಳು ತೋರಿಸಿದ್ದು ತಾನು, ಇವತ್ತು ಇವಳು! ತಿರುಗಿ ಖಾಲಿ ಬೆಂಚುಗಳನ್ನು ನೋಡಿದರು. ಆಮೇಲೆ ತೋಳೇರಿಸಿಕೊಂಡು, ನೆಟ್ಟಗೆ ಬಾಣದ ಮುಂದಕ್ಕೆ ಹೋಗಿ, ಅದರ ಮೂತಿಗೆ ಎರಡೂ ಅಂಗೈ ಕೊಟ್ಟರು.

"ಏನ್ರಯ್ಯಾ ಬಾಯಿ ಬಿಟ್ಕೊಂಡು ನೋಡ್ತೀರಾ? ನಿಮ್ಮದೇ ಕಾರು. ತಳ್ರೋ!"

ಚಾಂಪಿಯನ್ನನ ಹುಡುಗರಿಗೆ ಆಗ ಜೀವ ಬಂತು. ಓಡಿ ಬಂದು ಕೈ ಹಚ್ಚಿದರು. ಮಾವನೂ ಬಂದರು, ಜನ್ಮದಲ್ಲಿ ಬಾಣವನ್ನು ಮುಟ್ಟೆನೆಂದು ಆಣೆಯಿಟ್ಟವರು! ಅಧಿಕಾರಿ ಯಜಮಾನರತ್ತ ನೋಡಿದ. ಯಜಮಾನರು ಗ್ಯಾಲರಿಯತ್ತ ನೋಡಿ, ತಳ್ಳಲಿ ಬಿಡು ಎಂದು ತಲೆಯಾಡಿಸಿದರು. ಯಾಕೆಂದರೆ ಗ್ಯಾಲರಿಯಲ್ಲಿ ಯಾರೋ ಒಬ್ಬರು "ತಳ್ಳು, ತಳ್ಳು" ಎಂದು ಶುರು ಮಾಡಿದ್ದು ಸಾಲಿನಿಂದ ಸಾಲಿಗೆ ಹಬ್ಬಿಬಿಟ್ಟಿತ್ತು. ಮೈಕಣ್ಣನಿಗೆ ಅಷ್ಟು ಸಾಲದೇ?

"ಬನ್ರಪ್ಪೋ ಬನ್ನಿ! ಸೊಟ್ಟಮೂತಿಯವರು ಗೆದ್ದ ಓಟ ಬಿಟ್ಟು ಬಾಣಾನ ತಳ್ತಾ ಇದ್ದಾರೆ! ಟೀ ಆಮೇಲೂ ಸಿಗುತ್ತೆ, ಇದು ಸಿಗಲ್ಲ!"

ಟೀ ಲೋಟ ಹಿಡಿದುಕೊಂಡೇ ಜನ ಓಡಿ ಬಂದರು. ಬಂದವರು ಸುಮ್ಮನಿರುತ್ತಾರೆಯೇ? ಎಡಗಡೆಯವರು "ಸೊಟ್ಟಮೂತಿ" ಎಂದರು, ಬಲಗಡೆಯವರು ಹಟಕ್ಕೆ ಬಿದ್ದು "ಬಾಣ" ಎಂದರು. ಬಾಣಕ್ಕೆ ಇಷ್ಟು ದಿನ ಯಾರೂ ಹೀಗೆ ಕೂಗಿರಲಿಲ್ಲ, ಎದುರಿಗೆ ಬೇರೊಂದು ಇದ್ದರೆ ತಾನೇ ಕೂಗುವುದು! ಮುದುಕರೊಬ್ಬರು ಎಲ್ಲಿಂದಲೋ ಮಾಸಿದ ಹಳೇ ಟೋಪಿಯೊಂದನ್ನು ತೆಗೆದು ತಲೆಗೇರಿಸಿದರು.

ಮಾವ ಹೊರಗಿನ ಬ್ಯಾಟರಿ ಹಚ್ಚಿ ಸೊಟ್ಟಮೂತಿಯನ್ನು ಮತ್ತೆ ಎಬ್ಬಿಸಿದರು. ಟೈರು ತಣ್ಣಗಾಗಿತ್ತು, ಎಂಜಿನ್ನು ಕಾದಿತ್ತು. ಬೇಕಾಗಿದ್ದಕ್ಕೆ ಸರಿಯಾಗಿ ಉಲ್ಟಾ. ಸೊಸೆಗೆ ಅದು ಗೊತ್ತಿತ್ತು. ಪಕ್ಕದ ಕಿಟಕಿಯಿಂದ ಚಾಂಪಿಯನ್ ಕೈಯೆತ್ತಿ ನಮಸ್ಕರಿಸಿದ. ಗತ್ತೆಲ್ಲ ಎಲ್ಲಿಗೆ ಹೋಗಿತ್ತೋ.

ಹಳದಿ ದೀಪ ಹೊಳೆಯಿತು, ಹಸಿರು ಬಂತು. ತಣ್ಣನೆಯ ಟೈರು ಒಂದು ಕ್ಷಣ ಜಾರಿತು, ಬಾಣ ಮುಂದೆ ನುಗ್ಗಿತು. "ಹೋಯ್ತು!" ಎಂದ ಮೈಕಣ್ಣ. ಹೋಗಿರಲಿಲ್ಲ. ಸೊಸೆ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಒತ್ತಿದಳು, ಟೈರು ನೆಲ ಕಚ್ಚಿತು. ಗೇರಿನ ಮೇಲೆ ಗೇರು ಬಿತ್ತು. ಕಿಟಕಿಯ ಅಂಚಿನಲ್ಲಿ ಬಾಣದ ಹಿಂಭಾಗ ಕಂಡಿತು, ಬಾಗಿಲು ಕಂಡಿತು, ಮುಂದಿನ ಚಕ್ರ ಕಂಡಿತು. ಕೊನೆಯ ಗೆರೆಯಲ್ಲಿ ಯಾರು ಮುಂದೆ ಎಂದು ಅವಳಿಗೇ ತಿಳಿಯಲಿಲ್ಲ.

ಗೆದ್ದವರ ದೀಪ ಅವಳ ಪಕ್ಕದಲ್ಲಿ ಹತ್ತಿತು. ಗೆದ್ದದ್ದು ಒಂದು ಮೂತಿಯ ಅಳತೆಯಲ್ಲಿ. ಗ್ಯಾಲರಿಯ ಕೂಗು ಹೆಲ್ಮೆಟ್ಟನ್ನೂ ಎಂಜಿನ್ನನ್ನೂ ದಾಟಿ ಅವಳ ಕಿವಿಗೆ ಬಿತ್ತು. ಕಾರಿನೊಳಗೆ ಒಬ್ಬಳೇ ಹುಚ್ಚಿಯ ಹಾಗೆ ಕಿರುಚಿದಳು.

ಕಾರನ್ನು ಎಳೆದು ತಂದಾಗ ಡೇರೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸೋತ ಚಾಂಪಿಯನ್ ಮಾವನ ಪಕ್ಕ ನಿಂತು, ಇಂಥ ಹಳೇ ಮಾದರಿಯ ಬಾಡಿ ಇನ್ನೆಲ್ಲಾದರೂ ಸಿಗುತ್ತದೆಯೇ ಎಂದು ಮೆತ್ತಗೆ ವಿಚಾರಿಸುತ್ತಿದ್ದ. "ಇದಲ್ಲ ಕಣಯ್ಯಾ, ಇದು ನಂದು. ನೀನು ಬೇರೆ ಯಾವುದಾದ್ರೂ ಹುಡುಕು, ನಾನು ಕಟ್ಟಿಕೊಡ್ತೀನಿ," ಎನ್ನುತ್ತಿದ್ದರು ಮಾವ. ಯಜಮಾನರು ಜನರನ್ನು ಸೀಳಿಕೊಂಡು ಬಂದು ಸೊಸೆಯ ಕೈ ಕುಲುಕಿದರು.

"ಕ್ಲಾಸ್ ಇರುತ್ತಮ್ಮಾ. ತೆಗೆದ್ರೆ ಈ ಜನ ನನ್ನ ಸುಮ್ಮನೆ ಬಿಡ್ತಾರಾ?"

ಮೈಕಣ್ಣ ಮೈಕನ್ನು ಸೊಸೆಗೆ ಚಾಚಿದ. ಅದನ್ನು ನಡುವೆಯೇ ಕಿತ್ತುಕೊಂಡವರು ಅತ್ತೆ. ಅಂಗೈಯ ಕಪ್ಪು ಮಸಿಯನ್ನು ಬಟ್ಟೆಗೆ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡರು.

"ಎಲ್ಲರಿಗೂ ಹೇಳ್ತೀನಿ ಕೇಳಿ. ಮುಂದಿನ ಸಲ ಬರೋರು ಬೇರೆ ಬೇರೆ ಮೂತಿ ತಗೊಂಡು ಬನ್ನಿ. ಎಷ್ಟು ಜನ ಬೇಕಾದ್ರೂ ಬನ್ನಿ, ಕೆಟ್ಟು ನಿಂತ್ರೆ ನಾನೇ ತಳ್ತೀನಿ. ಆದ್ರೆ ಗೆಲ್ಲೋದು ಮಾತ್ರ..." ಎಂದು ಬೆರಳು ತೋರಿಸಿದರು, "ಇವಳು. ನನ್ನ ಸೊಸೆ."

ಜನ ಮತ್ತೆ ಕೂಗಿದರು. ಅಳುವುದು ಯಾರಿಗೂ ಕಾಣಬಾರದೆಂದು ಸೊಸೆ ತೆಗೆದಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡಳು. ಅತ್ತೆ ಅದನ್ನೂ ಬಿಡದೆ ಕಿತ್ತು ತೆಗೆದು, ತಮ್ಮ ಮಸಿ ಕೈಯಲ್ಲೇ ಅವಳ ಕೆನ್ನೆ ಒರೆಸಿದರು.