ಎದ್ದು ನಿಂತದ್ದು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ಯಾರನ್ನು ಬೇಕಾದರೂ ಬೈಯಿರಿ.

ನನ್ನ ಗಂಡ ದೇವಪ್ಪ ತೆಂಗಿನ ಮರದಿಂದ ಬಿದ್ದು ಮೂರು ವರ್ಷವಾಗಿತ್ತು. ಸೊಂಟ ಮುರಿದು ಕಾಲೆರಡೂ ಒಣಗಿಹೋದವು. ಮರ ಹತ್ತಿದ ಕೈಗಳಲ್ಲಿ ಮಾತ್ರ ಬಲ ಉಳಿದಿತ್ತು. ಬಿದ್ದದ್ದು ಮಂಜಯ್ಯ ಶೆಟ್ಟರ ಮರದಿಂದ. ಆ ಮಾತನ್ನು ನಾವು ಯಾವತ್ತೂ ಎತ್ತಿದವರಲ್ಲ.

ಬಸ್ರೂರಿನ ಹೊಳೆಯಾಚೆ ನಮ್ಮೂರು. ಅಲ್ಲಿನ ಪಂಚಾಯತಿಗೆ ಶೆಟ್ಟರೇ ಅಧ್ಯಕ್ಷರು. ಕುರುಡರಿಗೆ, ಕಾಲಿಲ್ಲದವರಿಗೆ ಪಂಚಾಯತಿಯಿಂದ ತಿಂಗಳಿಗೆ ಆರು ಸೇರು ಅಕ್ಕಿ ಸಿಗುತ್ತಿತ್ತು. ನಾನು ಕಂಡವರ ಮನೆಯಲ್ಲಿ ಭತ್ತ ಕುಟ್ಟಿ ತಂದದ್ದಕ್ಕೆ ಅದು ಸೇರಿದರೆ ಹೇಗೋ ಎರಡು ಹೊತ್ತಿನ ಗಂಜಿ. ಯುದ್ಧ ಬಂತು, ಬರ್ಮಾ ಅಕ್ಕಿ ನಿಂತಿತು, ಖರ್ಚು ಇಳಿಸಿ ಎಂದು ಮೇಲಿನಿಂದ ಹುಕುಂ ಬಂತು. ಹನ್ನೆರಡು ಜನರ ಪಟ್ಟಿಯಲ್ಲಿ ಐದು ಜನ ಮಾತ್ರ ಉಳಿಯಬೇಕಂತೆ. ಯಾರು ಉಳಿಯಬೇಕೆಂದು ಅಧಿಕಾರಿಯೊಬ್ಬರು ಬಂದು ಕಣ್ಣಾರೆ ನೋಡುತ್ತಾರಂತೆ.

ಆ ದಿನ ಇವರನ್ನು ಮೀಯಿಸಿ, ಒಗೆದ ಪಂಚೆ ಉಡಿಸಿದೆ. ದೊಡ್ಡವರೆದುರು ಕೊಳಕಾಗಿ ಹೋಗಬಾರದಲ್ಲ. ಮೈದುನ ಸೀನ ಬೆನ್ನ ಮೇಲೆ ಹೊತ್ತು ತಂದು ಪಂಚಾಯತಿ ಜಗಲಿಯ ಕಂಬದ ಬುಡದಲ್ಲಿ ಕೂರಿಸಿದ. ಅಧಿಕಾರಿ ಮೇಜಿನ ಹತ್ತಿರ ಕೂತು ಬರೆಯುತ್ತಿದ್ದರು. ಅಷ್ಟರಲ್ಲಿ ಮಂಜಯ್ಯ ಶೆಟ್ಟರು ಮೆಟ್ಟಿಲು ಹತ್ತಿದರು. ಕೂತವರೆಲ್ಲ ದಡಬಡ ಎದ್ದರು. ಒಡೆಯರು ಬಂದಾಗ ಕೂತೇ ಇರುವುದೆಂದರೆ ನಮ್ಮಲ್ಲಿ ಮುಖಕ್ಕೆ ಉಗಿದಂತೆ.

"ಹ್ವಾಯ್, ಒಡೇರ್ ಬಂದ್ರ್. ಏಳಿ!" ಎಂದು ತಿವಿದೆ.

ಇವರು ಎರಡೂ ಕೈಯಲ್ಲಿ ಕಂಬ ತಬ್ಬಿದರು. ನಾನು ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಎತ್ತಿದೆ. ನೇತಾಡುವ ಕಾಲುಗಳನ್ನು ನಾನೇ ಉಡಿಸಿದ ಪಂಚೆ ಮುಚ್ಚಿತ್ತು. ಅಧಿಕಾರಿ ತಲೆಯೆತ್ತಿದ್ದು ಸರಿಯಾಗಿ ಆಗಲೇ.

"ಇವನು ನಿಲ್ಲುತ್ತಾನಲ್ಲ!" ಎಂದು ಹೆಸರಿನ ಮೇಲೆ ಗೆರೆ ಎಳೆದರು.

"ಇಲ್ಲ ಸ್ವಾಮಿ, ಎತ್ತಿದ್ದ್ ನಾನ್. ಅವ್ರಿಗ್ ನಿಲ್ಲುಕ್ ಆತಿಲ್ಲ."

"ಕಣ್ಣಾರೆ ಕಂಡಿದ್ದೇನಮ್ಮ. ಮುಂದಿನವರು ಬನ್ನಿ."

ಆ ತಿಂಗಳು ಕೆಸುವಿನ ಸೊಪ್ಪು ಬೇಯಿಸಿ ತಿಂದೆವು. ಗಂಟಲು ತುರಿಸಿದರೂ ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಬಡವನ ಸಿಟ್ಟು ದವಡೆಗೆ ಮೂಲ ಎಂದುಕೊಂಡು ಶೆಟ್ಟರ ಅಂಗಳದಲ್ಲಿ ಹೋಗಿ ಅತ್ತೆ.

"ಅಧಿಕಾರಿ ಇನ್ನೊಂದ್ ಸಲ ಬತ್ರ್. ಅವ್ನನ್ನ್ ಕರ್ಕಂಡ್ ಬಾ, ಕಾಂಬ" ಎಂದರು ಶೆಟ್ಟರು.

ಹೊರಡುವ ಮೊದಲು ಇವರಿಗೆ ನೂರು ಸಲ ಹೇಳಿದೆ. "ದೇವ್ರೇ ಬಂದ್ರೂ ಏಳ್ಬೇಡಿ." ಹೂಂ ಎಂದರು. ಆದರೆ ಪಂಚಾಯತಿ ಜಗಲಿಯಲ್ಲಿ ಶೆಟ್ಟರ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಕೈ ತಾನಾಗಿ ಕಂಬಕ್ಕೆ ಹೋಯಿತು. ನಾನು ಎರಡೂ ಹೆಗಲು ಹಿಡಿದು ಕೆಳಕ್ಕೆ ಒತ್ತಿದೆ.

"ಬಿಡ್ ಮಾರಾಯ್ತಿ, ಒಡೇರ್ ಬಂದ್ರ್" ಎಂದು ಗೋಗರೆದರು. ಬಿಡಲಿಲ್ಲ. ಊರೆಲ್ಲ ನಿಂತಿತ್ತು. ಇವರೊಬ್ಬರೇ ಕೂತಿದ್ದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಅಧಿಕಾರಿ ಕಾಗದ ತಿರುವಿ ಹಾಕಿದರು. "ಅವತ್ತು ನಿಂತಿದ್ದ, ಇವತ್ತು ನಿಲ್ಲಲಾರನಂತೆ. ಅಧ್ಯಕ್ಷರೇ, ನಿಮ್ಮೂರಿನವನು. ನೀವೇ ಹೇಳಿ."

ಶೆಟ್ಟರು ನಮ್ಮ ಕಡೆ ನೋಡಿದರು. ಒಬ್ಬನನ್ನು ಸೇರಿಸಿದರೆ ಐವರಲ್ಲಿ ಒಬ್ಬನನ್ನು ತೆಗೆಯಬೇಕು, ಅದು ಅವರಿಗೆ ಗೊತ್ತು. ಎದುರಿಗೆ ಕೂತೇ ಇದ್ದವನನ್ನೂ ಕಂಡರು. ಶೆಟ್ಟರ ಮುಖ ನೋಡಿಯೇ ನನ್ನ ಜೀವ ಹೋಯಿತು.

"ಹ್ವಾದ್ ತಿಂಗ್ಳ್ ನನ್ನ್ ಕಂಡ್ ಎದ್ದ್ ನಿಂತಿದ್ದ" ಎಂದರು.

ಸುಳ್ಳು ಹೇಳಲಿಲ್ಲ ಪುಣ್ಯಾತ್ಮ.

ಸೀನ ಮತ್ತೆ ಹೊತ್ತುಕೊಂಡ. ಇವರ ಕಾಲು ನೆಲಕ್ಕೆ ಉಜ್ಜದ ಹಾಗೆ ಹಿಡಿದುಕೊಂಡು ನಾನು ಹಿಂದೆ ನಡೆದೆ. ಮನೆಯಲ್ಲಿ ಒಂದು ಹಿಡಿ ಅಕ್ಕಿ ಇರಲಿಲ್ಲ. ಗದ್ದೆಯ ಅಂಚಿಗೆ ಬಂದಾಗ ಇವರು ಕತ್ತು ತಿರುಗಿಸಿದರು. ಮುಖ ಅರಳಿತ್ತು.

"ಕಂಡ್ಯಾ ಸುಗಂಧಿ, ನಾ ಎದ್ದ್ ನಿಂತದ್ದ್ ಒಡೇರಿಗ್ ನೆನ್ಪಿತ್ತ್."

ಹಿಡಿದಿದ್ದ ಆ ಕಾಲುಗಳನ್ನು ಅಲ್ಲೇ ಬಿಟ್ಟುಬಿಡಬೇಕು ಅನ್ನಿಸಿತು. ಬಿಡಲಿಲ್ಲ.