ಜ್ವರದ ಕಾಲಂ

ಕ್ಯಾಸನೂರು ಕಡೆ ಜನವರಿಯಿಂದ ಮಳೆ ಹಿಡಿಯುವ ತನಕ ಜ್ವರ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮಂಗನ ಕಾಯಿಲೆಯೆಂದು ಗುಲ್ಲೆದ್ದರೆ ಆ ಮನೆಯ ಅಡಿಕೆ ಸುಲಿಯಲು ಒಂದಾಳೂ ಬರುವುದಿಲ್ಲ. ಮೈ ಕಾದ ಹಂಚಾಗಿದ್ದರೂ ‘ಸ್ವಲ್ಪ ಸುಸ್ತು’, ಅಷ್ಟೆ. ಶಿರಾಳಕೊಪ್ಪದ ನೀಲಾಂಬಿಕಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಬಸುರಿಯರ ಮೈಯಲ್ಲಿ ಕಬ್ಬಿಣದಂಶ ಎಷ್ಟಿದೆಯೆಂದು ನೋಡುವ ಸಂಶೋಧನೆಗಾಗಿ ಎರಡು ವರ್ಷದಿಂದ ಅವಳು ಅಲ್ಲಿ ಮನೆಮನೆ ತಿರುಗಿ ರಕ್ತ ತೆಗೆಯುತ್ತಿದ್ದಳು.

ಜನವರಿಯಲ್ಲಿ ಐದು ತಿಂಗಳ ಬಸುರಿ ಶರಣ್ಯಾಳ ತೋಳಿಗೆ ಪಟ್ಟಿ ಕಟ್ಟಿದಾಗ ಮೈ ಸುಡುತ್ತಿತ್ತು.

“ಈ ವಾರ ಜ್ವರ ಬಂದಿತ್ತೇನವ್ವಾ?” ಎಂದು ಫಾರಂ ನೋಡಿ ಕೇಳಿದಳು.

“ಎಂತ ಜ್ವರನೂ ಇಲ್ಲ ಮಾರಾಯ್ತಿ,” ಎಂದು ಅತ್ತೆ ನರ್ಮದಾ ನಡುವೆ ಬಾಯಿ ಹಾಕಿದರು. ಶರಣ್ಯಾ ತಲೆ ತಗ್ಗಿಸಿದಳು.

ಪಾಪ, ಇವರಿಗ್ಯಾಕೆ ತಾಪತ್ರಯ ಎಂದು ನೀಲಾಂಬಿಕ ‘ಇಲ್ಲ’ ಎಂಬಲ್ಲಿ ಟಿಕ್ ಹಾಕಿದಳು. ಮನಸ್ಸು ಒಳ್ಳೆಯದೇ, ಮಾಡಿದ ಕೆಲಸ ಮಾತ್ರ ಕೆಟ್ಟದ್ದು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ‘ಕಬ್ಬಿಣದಂಶ ಸಾಕಷ್ಟಿದೆ’ ಎಂಬ ವರದಿಯನ್ನು ಅವಳೇ ಒಯ್ದು ಕೊಟ್ಟಳು.

ಮಾರ್ಚ್ ತಿಂಗಳಲ್ಲಿ ಶಿಕಾರಿಪುರದ ತರಬೇತಿಯಲ್ಲಿ ಸಂಶೋಧನೆಯ ಡಾಕ್ಟರ್ ಗುರುಪ್ರಕಾಶ್ ಹೇಳಿದರು: “ಫೆರಿಟಿನ್, ಅಂದ್ರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಅದೊಂದನ್ನೇ ನಂಬಿ ಮೋಸ ಹೋಗ್ಬೇಡಿ. ಜ್ವರ ಇದ್ದಾಗ ಅದು ತಾನೇ ಏರುತ್ತೆ. ಒಳಗೆ ಕಬ್ಬಿಣ ಖಾಲಿಯಾಗಿದ್ರೂ ವರದೀಲಿ ತುಂಬಿರೋ ಹಂಗೆ ಕಾಣುತ್ತೆ. ಜ್ವರ ಇತ್ತು ಅಂತ ಬರೆದ್ರೆ ಮಾತ್ರ ನಾವು ಮತ್ತೊಮ್ಮೆ ನೋಡ್ತೀವಿ.”

ನೀಲಾಂಬಿಕ ಊಟಕ್ಕೂ ನಿಲ್ಲದೆ ಸೊರಬದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಶರಣ್ಯಾ ಕಬ್ಬಿಣದ ಮಾತ್ರೆ ಬಿಟ್ಟಿರದಿರಲಿ ದೇವರೇ ಎಂಬುದೊಂದೇ ಬೇಡಿಕೆ.

“ಮಾತ್ರೆ ನೀವು ಕಾಗದ ಕೊಟ್ಟ ಅವತ್ತೇ ಬಿಡಿಸ್ದೆ,” ಎಂದರು ನರ್ಮದಾ ಜಗಲಿಯಲ್ಲೇ, ಹಿಗ್ಗಿನಿಂದ. “ಹೊಟ್ಟೆ ಕಟ್ತಿತ್ತು ಪಾಪ. ಸಾಕಷ್ಟು ಇದ್ಮೇಲೆ ಎಂತಕ್ಕೆ ನುಂಗೋದು?” ವರದಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು.

ಶರಣ್ಯಾ ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕುಳಿತಳು. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ. ಬೆರಳು ಚುಚ್ಚಿ ಮೀಟರಿಗೆ ಹಿಡಿದರೆ, ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಐದೂವರೆ.

“ಬೆಳಿಗ್ಗೆಯಿಂದ ಸೊಂಟ ಹಿಂಡ್ತಾ ಇದೆ ಅಕ್ಕಾ,” ಎಂದಳು ಶರಣ್ಯಾ ಮೆಲ್ಲಗೆ.

ಎಂಟನೇ ತಿಂಗಳು. ಈ ರಕ್ತದಲ್ಲಿ ಹೆರಿಗೆಯಾದರೆ ಹೋಗುವುದು ಒಂದು ಜೀವವಲ್ಲ, ಎರಡು. ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದಳು ನೀಲಾಂಬಿಕ. ನರ್ಮದಾ ಒಪ್ಪಲಿಲ್ಲ; ‘ನಿಮ್ಮ ಕಾಗದನೇ ಹೇಳ್ತದಲ್ಲ’ ಎಂದೇ ವಾದಿಸಿದರು. ಕೊನೆಗೆ ನೀಲಾಂಬಿಕ ಅವರ ಕಾಲು ಹಿಡಿದ ಮೇಲೆ ಪಕ್ಕದ ಮನೆಯ ಓಮ್ನಿ ಬಂತು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಚೀಟಿ ಬರೆಯುತ್ತ, “ಬಸುರಿಯಾದ ಮೇಲೆ ಜ್ವರ ಏನಾದ್ರೂ ಬಂದಿತ್ತಾ?” ಎಂದು ಕೇಳಿದರು.

“ಇಲ್ಲ,” ಎಂದರು ನರ್ಮದಾ, ರೂಢಿಯಂತೆ.

“ಬಂದಿತ್ರೀ ಸಿಸ್ಟರ್,” ಎಂದಳು ನೀಲಾಂಬಿಕ. “ಜನವರಿಯಲ್ಲಿ. ನಾನೇ ಇಲ್ಲ ಅಂತ ಬರ್ದಿದ್ದೆ.”

ಶರಣ್ಯಾಳನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಡಾಕ್ಟರಿಗೆ ತೋರಿಸಲೆಂದು ಸೆರಗಿನಲ್ಲಿ ಕಟ್ಟಿ ತಂದಿದ್ದ ವರದಿಯನ್ನು ನರ್ಮದಾ ಬಿಡಿಸಿದರು. ‘ಸಾಕಷ್ಟಿದೆ’ ಎಂಬಲ್ಲಿ ಬೆರಳಿಟ್ಟು, “ಹಂಗಾರೆ ಇದು?” ಎಂದು ಕೇಳಿದರು.